ಬಹುಮಾನವಿಲ್ಲದ ಎರಡು ದಿನ

“ಸಾರ್, ಬರುವ ಶನಿವಾರ, ಭಾನುವಾರ ತಮಗೆ ಬಿಡುವುಂಟೆ?”

ಕಾಲೇಜಿನ ಮೆಟ್ಟಿಲ ಬಳಿ ನನ್ನನ್ನು ತಡೆದು ಹೀಗೆ ಕೇಳಿದವನು ಬಿ.ಸಿ.ಎ. ತರಗತಿಯ ಒಬ್ಬ ವಿದ್ಯಾರ್ಥಿ. ಅಕ್ಕನ ಮದುವೆಯ ಕರೆಯೋ ಹಾಜರಾತಿಯ ತಕರಾರೋ ಇರಬೇಕೆಂದುಕೊಂಡೆ. ಎರಡೂ ಆಗಿರಲಿಲ್ಲ. ಬೆಂಗಳೂರಿನಲ್ಲಿ ಕೆಲವು ಹವ್ಯಾಸಿಗಳು ಎರಡು ದಿನ ಒಂದೆಡೆ ಕುಳಿತು, ಮೊಬೈಲಿಗೆ ಬೇಕಾದ ಸಣ್ಣ ಸಣ್ಣ ಆ್ಯಪ್‌ಗಳನ್ನು ಕಟ್ಟುವ ಕೂಟವೊಂದು ನಡೆಯಲಿದೆಯೆಂದೂ, ಅಲ್ಲಿ ತಾನು ಹಳಗನ್ನಡ ಪದ್ಯಗಳಿಗೆ ಪ್ರಸ್ತಾರ ಹಾಕುವ ಆ್ಯಪ್ ಮಾಡಬೇಕೆಂದಿರುವುದಾಗಿಯೂ, ಅದಕ್ಕೆ ನಾನು ಜೊತೆಗಿರಬೇಕೆಂದೂ ಅವನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ.

ನನಗೆ ಅಚ್ಚರಿಯಾಯಿತು, ಅಚ್ಚರಿಗಿಂತ ಹೆಚ್ಚಾಗಿ ಸಂಕೋಚವಾಯಿತು. ಅದಕ್ಕೆ ಕಾರಣವುಂಟು.

ಹಿಂದಿನ ವರ್ಷ ಇದೇ ಹುಡುಗನನ್ನು ಕರಿಹಲಗೆಯ ಬಳಿ ಕರೆದು ಕಂದಪದ್ಯವೊಂದಕ್ಕೆ ಪ್ರಸ್ತಾರ ಹಾಕೆಂದು ಹೇಳಿದ್ದೆ. ಮೊದಲ ಸಾಲಿನಲ್ಲಿ ಹನ್ನೆರಡು ಮಾತ್ರೆ ಬರಬೇಕಾದಲ್ಲಿ ಅವನಿಗೆ ಹದಿಮೂರು ಬಂತು. “ಅಲ್ಲಿ ಶಿಥಿಲದ್ವಿತ್ವ ಇದೆಯಯ್ಯ, ಗುರುವೆಂದು ಎಣಿಸಬಾರದು” ಎಂದೆ. “ಯಾವುದು ಶಿಥಿಲ, ಯಾವುದು ಅಲ್ಲ ಅಂತ ತಿಳಿಯುವುದು ಹೇಗೆ ಸಾರ್?” ಎಂದು ಕೇಳಿದ. “ಕಿವಿ ಇದ್ದವರಿಗೆ ತಿಳಿಯುತ್ತದಪ್ಪ” ಎಂದುಬಿಟ್ಟೆ. ತರಗತಿ ಘೊಳ್ಳೆಂದು ನಕ್ಕಿತು. ಅವನು ತಲೆ ತಗ್ಗಿಸಿ ತನ್ನ ಜಾಗಕ್ಕೆ ಹೋಗಿ ಕುಳಿತ. ಆ ದಿನದಿಂದ ಮುಂದೆ ನನ್ನ ತರಗತಿಯಲ್ಲಿ ಅವನು ಬಾಯಿ ತೆರೆದದ್ದಿಲ್ಲ. ನಿಜ ಹೇಳಬೇಕೆಂದರೆ, ಆ ಪ್ರಶ್ನೆಗೆ ಆ ಕ್ಷಣದಲ್ಲಿ ನನ್ನ ಬಳಿ ಸರಿಯಾದ ಉತ್ತರವೇ ಇರಲಿಲ್ಲ. ಉತ್ತರವಿಲ್ಲದ ಅಧ್ಯಾಪಕನಿಗೆ ಹಾಸ್ಯವು ಒದಗಿಬಂದಷ್ಟು ಬೇಗ ಬೇರೇನೂ ಒದಗುವುದಿಲ್ಲ.

ಅಂಥವನು ಬಂದು ಕರೆಯುತ್ತಿರುವಾಗ ಒಲ್ಲೆನೆನ್ನುವುದು ಹೇಗೆ? ಒಪ್ಪಿಕೊಂಡೆ. “ಶನಿವಾರ, ಭಾನುವಾರವೂ ಕಾಲೇಜೇ?” ಎಂದು ಮನೆಯಾಕೆ ಕೇಳಿದಾಗ, “ಈ ಸಲ ನಾನೇ ವಿದ್ಯಾರ್ಥಿ” ಎಂದು ಹೇಳಿ ಪಾರಾದೆ.

ಇಂಥ ಕೂಟಗಳಿಗೆ ‘ಹ್ಯಾಕಥಾನ್’ ಎಂದು ಹೆಸರು. ‘ಹ್ಯಾಕ್’ ಎಂದೊಡನೆ ಬ್ಯಾಂಕಿನ ಹಣ ಲಪಟಾಯಿಸುವವರ ನೆನಪು ಬರುವುದು ಸಹಜವಾದರೂ, ಕಂಪ್ಯೂಟರ್ ಬಲ್ಲವರ ಮಾತಿನಲ್ಲಿ ಅದಕ್ಕೆ ಚಮತ್ಕಾರದಿಂದ ಏನನ್ನಾದರೂ ಕಟ್ಟುವುದೆಂಬ ಅರ್ಥವೂ ಉಂಟು. ಅದಕ್ಕೆ ಮ್ಯಾರಥಾನ್ ಓಟದ ಬಾಲವನ್ನು ಸೇರಿಸಿದ್ದಾರೆ. ೧೯೯೯ರ ಜೂನ್ ತಿಂಗಳಲ್ಲಿ ಕೆನಡಾದ ಕ್ಯಾಲ್ಗರಿ ನಗರದಲ್ಲಿ ‘ಓಪನ್‌ಬಿಎಸ್‌ಡಿ’ ಎಂಬ ತಂತ್ರಾಂಶವನ್ನು ಬೆಳೆಸುತ್ತಿದ್ದ ಹತ್ತು ಮಂದಿ ಒಟ್ಟಿಗೆ ಕುಳಿತು ಕೆಲಸ ಮಾಡಿದರು. ಈ ಹೆಸರು ಬಳಕೆಗೆ ಬಂದದ್ದು ಆ ವರ್ಷ. ಅಲ್ಲಿ ಪಂದ್ಯವಿರಲಿಲ್ಲ, ಪದಕವಿರಲಿಲ್ಲ, ಕೆಲಸವಷ್ಟೇ ಇತ್ತು. ಮುಂದೆ ಕಂಪನಿಗಳು ಲಕ್ಷಗಟ್ಟಲೆ ಬಹುಮಾನವಿಟ್ಟು ಇದನ್ನು ಸ್ಪರ್ಧೆಯಾಗಿಸಿದವು. ಆದರೂ ಹಳೆಯ ದಾರಿಯನ್ನು ಬಿಡದವರು ಇದ್ದಾರೆ. ೨೦೦೯ರಲ್ಲಿ ಆರಂಭವಾದ ‘ಗ್ಲೋಬಲ್ ಗೇಮ್ ಜ್ಯಾಮ್’ನಲ್ಲಿ ಹಲವು ದೇಶಗಳ ಜನ ಏಕಕಾಲದಲ್ಲಿ ಆಟಗಳನ್ನು ಕಟ್ಟುತ್ತಾರೆ, ಅದು ಸ್ಪರ್ಧೆಯಲ್ಲ. ನಾವು ಹೋದದ್ದೂ ಅಂಥದೇ ಒಂದು ಪುಟ್ಟ ಕೂಟಕ್ಕೆ.

ಶನಿವಾರ ಬೆಳಿಗ್ಗೆ ಸಭಾಂಗಣವನ್ನು ಹೊಕ್ಕಾಗ ನನಗೆ ಯಾವುದೋ ಮದುವೆಮನೆಯ ಅಡುಗೆಕೋಣೆಗೆ ಬಂದಂತೆನಿಸಿತು. ಉದ್ದನೆಯ ಮೇಜುಗಳು, ಅವುಗಳ ಮೇಲೆ ಲ್ಯಾಪ್‌ಟಾಪ್‌ಗಳು, ಕಾಲಿಗೆ ತೊಡರುವ ತಂತಿಗಳು, ಮೂಲೆಯಲ್ಲಿ ಉಪ್ಪಿಟ್ಟು, ಕಾಫಿ. ಮೊದಲು ಪ್ರತಿಯೊಬ್ಬರೂ ಎದ್ದುನಿಂತು ತಾವು ಏನು ಮಾಡಬೇಕೆಂದಿದ್ದೇವೆಂದು ಎರಡು ಮಾತಿನಲ್ಲಿ ಹೇಳಿದರು. ಒಬ್ಬ ತಂದೆ ತನ್ನ ಮಗಳೊಡನೆ ಮಗ್ಗಿಯ ಆಟವೊಂದನ್ನು ಕಟ್ಟಲು ಬಂದಿದ್ದ. ಒಬ್ಬ ತರುಣಿ, ಇಂಗ್ಲಿಷ್ ಓದಲಾರದ ತನ್ನ ತಾಯಿಗೆ ಔಷಧಿಯ ಹೊತ್ತನ್ನು ಕನ್ನಡದಲ್ಲಿ ಕೂಗಿ ಹೇಳುವ ಆ್ಯಪ್ ಮಾಡುವುದಾಗಿ ಹೇಳಿದಳು. ನಮ್ಮ ಸರದಿ ಬಂದಾಗ ಶಿಷ್ಯ “ಕಂದಪದ್ಯ” ಎಂದ. ಸಭೆ ನಗಲಿಲ್ಲ, ಚಪ್ಪಾಳೆ ತಟ್ಟಿತು.

ಕೆಲಸ ಆರಂಭವಾಯಿತು. ಕಂಪ್ಯೂಟರು ಜಾಣನೆಂದು ಕೇಳಿದ್ದೆ; ಹತ್ತಿರದಿಂದ ಕಂಡಾಗ ಅದು ಹೇಳಿದ್ದನ್ನಷ್ಟೇ ಮಾಡುವ ಮಹಾ ಮುಗ್ಧ ಪ್ರಾಣಿಯೆಂದು ತಿಳಿಯಿತು. ‘ಶಕ್ತಿ’ ಎಂಬ ಪದದಲ್ಲಿ ಎಷ್ಟು ಅಕ್ಷರಗಳೆಂದು ಕೇಳಿದರೆ ಐದು ಎಂದಿತು! ಕನ್ನಡ ಬಲ್ಲ ಯಾವ ಮಗುವಾದರೂ ಎರಡು ಎನ್ನುತ್ತದೆ. ಜಗತ್ತಿನ ಲಿಪಿಗಳಿಗೆಲ್ಲ ಅಂಕೆಗಳನ್ನು ಹಂಚಿರುವ ‘ಯೂನಿಕೋಡ್’ ಎಂಬ ವ್ಯವಸ್ಥೆಯಲ್ಲಿ ಶಕಾರ, ಕಕಾರ, ಸ್ವರವನ್ನು ಅಳಿಸುವ ಚಿಹ್ನೆ, ತಕಾರ, ಗುಡಿಸು ಎಂದು ಈ ಪದವನ್ನು ಐದು ತುಂಡುಗಳಾಗಿ ಇಟ್ಟಿರುತ್ತಾರೆಂದು ಶಿಷ್ಯ ವಿವರಿಸಿದ. ಆ ತುಂಡುಗಳನ್ನು ಪುನಃ ಅಕ್ಷರಗಳಾಗಿ ಹೊಸೆಯುವುದೇ ಮೊದಲ ಕೆಲಸ. ಯಾವುದು ಯಾವುದರೊಡನೆ ಸೇರಬೇಕೆಂದು ನಾನು ಹೇಳುತ್ತ ಹೋದೆ. ಅವನು ಬರೆಯುತ್ತ ಹೋದ. ಆಮೇಲೆ ದೀರ್ಘಾಕ್ಷರ, ಅನುಸ್ವಾರ, ವಿಸರ್ಗ, ಒತ್ತಕ್ಷರದ ಹಿಂದಿನ ಅಕ್ಷರ ಇವೆಲ್ಲ ಗುರುಗಳೆಂಬ ನಿಯಮಗಳು. ೧೦ನೆಯ ಶತಮಾನದ ನಾಗವರ್ಮನ ‘ಛಂದೋಂಬುಧಿ’ಯಿಂದ ಹರಿದುಬಂದ ಶಾಸ್ತ್ರ ಮಧ್ಯಾಹ್ನದ ಚಿತ್ರಾನ್ನದ ಹೊತ್ತಿಗೆ ಆ ಯಂತ್ರದೊಳಕ್ಕೆ ಇಳಿದಿತ್ತು. ಒಂದನೆಯ, ಮೂರನೆಯ ಸಾಲುಗಳಿಗೆ ಹನ್ನೆರಡು. ಎರಡನೆಯ, ನಾಲ್ಕನೆಯ ಸಾಲುಗಳಿಗೆ ಇಪ್ಪತ್ತು. ಒಟ್ಟು ಅರುವತ್ತನಾಲ್ಕು ಮಾತ್ರೆಗಳು. ಮೊದಲ ಪದ್ಯವನ್ನು ಯಂತ್ರ ಚೊಕ್ಕವಾಗಿ ಎಣಿಸಿತು. ಎರಡನೆಯದರಲ್ಲಿ ಅರುವತ್ತೈದು ಎಂದಿತು.

ಶಿಷ್ಯ ಪರದೆಯನ್ನು ನೋಡುತ್ತಲೇ ಮೆಲ್ಲಗೆ ಹೇಳಿದ: “ಶಿಥಿಲದ್ವಿತ್ವ ಸಾರ್. ಯಾವುದು ಶಿಥಿಲ ಅಂತ ಇದಕ್ಕೆ ಹೇಗೆ ಹೇಳೋಣ? ಇದಕ್ಕೆ ಕಿವಿಯಿಲ್ಲ.”

ಆ ಮಾತಿನಲ್ಲಿ ಚುಚ್ಚು ಇರಲಿಲ್ಲ. ಇಲ್ಲದ್ದರಿಂದಲೇ ನನಗೆ ಅದು ಹೆಚ್ಚು ನಾಟಿತು.

“ನನಗೆ ಸರಿಯಾಗಿ ಗೊತ್ತಿಲ್ಲ ಕಣಯ್ಯ” ಎಂದೆ. “ನಾಳೆ ಹೇಳುತ್ತೇನೆ.”

ಆ ರಾತ್ರಿ ಎಂ.ಎ. ಓದಿದ ಕಾಲದ ಪುಸ್ತಕಗಳನ್ನು ಅಟ್ಟದಿಂದ ಇಳಿಸಿದೆ. ೧೩ನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಪರೀಕ್ಷೆಯ ಭಯವಿಲ್ಲದೆ ನಾನು ತೆರೆದದ್ದು ಅದೇ ಮೊದಲು. ಒತ್ತಕ್ಷರವೊಂದನ್ನು ತೇಲಿಸಿ ಉಚ್ಚರಿಸಿದಾಗ ಅದರ ಹಿಂದಿನ ಅಕ್ಷರ ಗುರುವಾಗದೆ ಲಘುವಾಗಿಯೇ ಉಳಿಯುವುದು ಶಿಥಿಲದ್ವಿತ್ವ. ಹೆಚ್ಚಾಗಿ ರ, ಳ, ೞಗಳಂಥ ಅಕ್ಷರ ಮೊದಲಿರುವ ಒತ್ತುಗಳಲ್ಲಿ ಅದು ತೋರುತ್ತದೆ. ‘ನೆಗೞ್ದ’ ಎಂಬ ಪದವನ್ನು ಬಿಗಿದು ಓದಿದರೆ ನಾಲ್ಕು ಮಾತ್ರೆ. ತೇಲಿಸಿ ಓದಿದರೆ ಮೂರು. ಹಾಗಾದರೆ ಪದ್ಯದಲ್ಲಿ ಹೇಗೆ ಓದಬೇಕೆಂಬುದಕ್ಕೆ ಆ ಸಾಲಿನ ಲೆಕ್ಕವೇ ಸಾಕ್ಷಿ, ನಾಲಿಗೆಯೇ ನ್ಯಾಯಾಧೀಶ. ಇಷ್ಟನ್ನು ಅಂದು ತರಗತಿಯಲ್ಲಿ ಹೇಳಲು ಐದು ನಿಮಿಷ ಸಾಕಾಗುತ್ತಿತ್ತು.

ಭಾನುವಾರ ಬೆಳಿಗ್ಗೆ ಇದನ್ನೆಲ್ಲ ಶಿಷ್ಯನಿಗೆ ಒಪ್ಪಿಸಿದೆ. ಅವನ ಕಣ್ಣು ಮಿನುಗಿತು. “ಹಾಗಾದರೆ ಯಂತ್ರ ತಾನೇ ತೀರ್ಮಾನ ಮಾಡುವುದು ಬೇಡ ಸಾರ್. ಲೆಕ್ಕ ಒಂದು ಹೆಚ್ಚಾದರೆ ಅನುಮಾನದ ಒತ್ತಕ್ಷರವನ್ನು ಕೆಂಪು ಮಾಡಿ ತೋರಿಸಲಿ. ಓದುವವರು ಓದಿ ನೋಡಲಿ” ಎಂದ.

ಆಗ ಇನ್ನೊಂದು ತೊಡಕು ಬಂತು. ‘ೞ’ ಅಕ್ಷರವನ್ನು ನಮ್ಮ ಆ್ಯಪ್ ಗುರುತಿಸಲೊಲ್ಲದು. ಯೂನಿಕೋಡಿನ ಪಟ್ಟಿಯಲ್ಲಿ ಹುಡುಕಿದೆವು. ಅಕ್ಷರಗಳ ಹೆಸರುಗಳಲ್ಲಿ ಅದರ ಹೆಸರಿಲ್ಲ. ಪಕ್ಕದ ಮೇಜಿನ ತರುಣಿ, ತನ್ನ ತಾಯಿಯ ಔಷಧಿಯನ್ನು ಬದಿಗಿಟ್ಟು ಬಂದು ನೋಡಿ ನಕ್ಕಳು. “ಅದು ‘ಫ’ ಎಂಬ ಹೆಸರಿನಲ್ಲಿದೆ ಸಾರ್!” ಎಂದಳು. ನಿಜ. ಪಟ್ಟಿ ಮಾಡುವಾಗ ಯಾರದೋ ಕಣ್ತಪ್ಪಿನಿಂದ ನಮ್ಮ ೞಕಾರಕ್ಕೆ ‘ಕನ್ನಡ ಲೆಟರ್ ಫ’ ಎಂಬ ನಾಮಕರಣವಾಗಿಹೋಗಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಅಲ್ಲಿಯ ನಿಯಮ. ಆದ್ದರಿಂದ ತಪ್ಪು ಹೆಸರು ಹಾಗೆಯೇ ಉಳಿದು, ಸರಿಯಾದದ್ದು ತಿದ್ದುಪಡಿಯ ಉಪನಾಮವಾಗಿ ಪಕ್ಕದಲ್ಲಿ ನಿಂತಿದೆ. ಬಾಯಿಂದ ಜಾರಿದ ಮಾತನ್ನು ಹಿಂದಕ್ಕೆ ಪಡೆಯಲಾಗದು, ತಿದ್ದುಪಡಿಯನ್ನು ಮಾತ್ರ ಸೇರಿಸಬಹುದು ಎಂದು ನನಗೆ ಆಗ ಹೊಳೆಯಿತು.

ಅವಳಿಗೂ ನಾವು ನೆರವಾದೆವು. ‘ಮಾತ್ರೆ’, ‘ಗುಳಿಗೆ’, ‘ಊಟವಾದ ಮೇಲೆ’ ಎಂಬ ಮಾತುಗಳನ್ನು ಯಂತ್ರ ಹೇಗೆ ನುಡಿದರೆ ವಯಸ್ಸಾದವರಿಗೆ ಹಿತವೆಂದು ನಾನು ತಿಳಿಸಿಕೊಟ್ಟೆ. ನಮ್ಮದು ಛಂದಸ್ಸಿನ ಮಾತ್ರೆ, ಅವಳದು ಔಷಧಿಯ ಮಾತ್ರೆ! ಬಹುಮಾನವಿದ್ದಿದ್ದರೆ ಅವಳು ಎದ್ದುಬರುತ್ತಿದ್ದಳೆ? ನಾನು ಹೋಗುತ್ತಿದ್ದೆನೆ? ತಿಳಿಯದು. ಅಲ್ಲಿ ಯಾರು ಗೆದ್ದರೂ ಇನ್ನೊಬ್ಬರಿಗೆ ನಷ್ಟವಿರಲಿಲ್ಲ. ಹೀಗಾಗಿ ಒಬ್ಬರ ಕಷ್ಟ ಎಲ್ಲರ ಕುತೂಹಲವಾಗಿತ್ತು.

ಸಂಜೆ ಪ್ರತಿಯೊಬ್ಬರೂ ತಾವು ಮಾಡಿದ್ದನ್ನು ತೋರಿಸಿದರು. ಮಗ್ಗಿಯ ಆಟ ಏಳರ ಮಗ್ಗಿಯಲ್ಲಿ ನಿಂತುಹೋಯಿತು. ಮಗು ತಾನೇ ಉಳಿದದ್ದನ್ನು ಬಾಯಲ್ಲಿ ಹೇಳಿ ಮುಗಿಸಿತು. ಎಲ್ಲರಿಗಿಂತ ಹೆಚ್ಚು ಚಪ್ಪಾಳೆ ಬಿದ್ದದ್ದು ಅದಕ್ಕೆ. ನಮ್ಮ ಆ್ಯಪ್‌ಗೆ ಕಂದವೊಂದೇ ಗೊತ್ತು. ವೃತ್ತಗಳು, ಷಟ್ಪದಿಗಳು ಇನ್ನೂ ದೂರ. ಆದರೂ ಆ ಎರಡನೆಯ ಪದ್ಯವನ್ನು ಅದಕ್ಕೆ ಕೊಟ್ಟಾಗ ಒಂದು ಒತ್ತಕ್ಷರ ಕೆಂಪಾಗಿ, ಅದರ ಕೆಳಗೆ ಶಿಷ್ಯ ನನಗೆ ತಿಳಿಸದೆ ಬರೆದಿದ್ದ ಸಾಲು ಮೂಡಿತು: “ಇಲ್ಲಿ ಶಿಥಿಲದ್ವಿತ್ವ ಇರಬಹುದು. ಗಟ್ಟಿಯಾಗಿ ಓದಿ ನೋಡಿ. ತಿಳಿಯದಿದ್ದರೆ ಕೇಳಲು ಸಂಕೋಚ ಬೇಡ.”

ಬಸ್ ನಿಲ್ದಾಣದವರೆಗೆ ಇಬ್ಬರೂ ನಡೆದೆವು. “ಅಂದು ತರಗತಿಯಲ್ಲಿ ನಾನು ಹಾಗೆ ಹೇಳಬಾರದಿತ್ತು” ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “‘ಗೊತ್ತಿಲ್ಲ, ನಾಳೆ ಹೇಳುತ್ತೇನೆ’ ಅಂದಿದ್ದರೆ ಸಾಕಿತ್ತು ಸಾರ್. ನೆನ್ನೆ ಅಂದಿರಲ್ಲ, ಹಾಗೆ” ಎಂದ. ಅಷ್ಟರಲ್ಲಿ ಅವನ ಬಸ್ಸು ಬಂತು.

ಸೋಮವಾರ ತರಗತಿಯಲ್ಲಿ ಪುನಃ ಕಂದಪದ್ಯವನ್ನೇ ತೆಗೆದುಕೊಂಡೆ. ಮೊದಲ ಸಾಲಿನಲ್ಲಿ ಹದಿಮೂರು ಮಾತ್ರೆ ಬಂತು. “ಇದು ಏಕೆ ಹೀಗೆಂದು ಯಾರಾದರೂ ಕೇಳುವಿರಾ?” ಎಂದೆ. ಹಿಂದಿನ ಬೆಂಚಿನಿಂದ ಒಂದು ಕೈ ಮೇಲೆದ್ದಿತು. ಅದು ಅವನದಲ್ಲ, ಇದುವರೆಗೆ ನನ್ನ ತರಗತಿಯಲ್ಲಿ ಎಂದೂ ಮಾತನಾಡದ ಬೇರೊಬ್ಬ ಹುಡುಗಿಯದು.