ವಿಮಾನಶಾಸ್ತ್ರ ಸಂಘವೂ ಕಾರ್ಖಾನೆಯೂ

ವಿಮಾನ ನಿರ್ಮಿಸುವ ಕಂಪನಿಯೊಂದು ಚಂದಾ ತೆತ್ತು ವಿಮಾನಶಾಸ್ತ್ರ ಸಂಘದ ಸದಸ್ಯತ್ವವನ್ನು ಪಡೆಯುವುದೇಕೆ?

ಇಂದಿನ ರಾಯಲ್ ಏರೋನಾಟಿಕಲ್ ಸೊಸೈಟಿಯು 1866ರಲ್ಲಿ ಲಂಡನ್ನಿನಲ್ಲಿ ಸ್ಥಾಪಿತವಾಯಿತು. 1871ರಲ್ಲಿ ಅದು ಹಣ ಕೂಡಿಸಿ, ಫ್ರಾನ್ಸಿಸ್ ವೆನ್‌ಹ್ಯಾಮ್ ಎಂಬಾತನಿಂದ ಪ್ರಪಂಚದ ಮೊದಲನೆಯ ಗಾಳಿಸುರಂಗವನ್ನು ಕಟ್ಟಿಸಿತು. ಗಾಳಿಗೆ ತುಸುವೇ ಓರೆಯಾಗಿಟ್ಟ ಹಲಗೆಯನ್ನು ಮೇಲೆತ್ತುವ ಬಲವು, ಹಿಂದಕ್ಕೆ ತಳ್ಳುವ ಬಲಕ್ಕಿಂತ ಬಹಳ ಹೆಚ್ಚೆಂದು ಅಲ್ಲಿ ತಿಳಿದುಬಂದಿತು. ಹಾರಾಟವು ಸಾಧ್ಯವೆಂಬ ನಂಬಿಕೆಗೆ ಇದು ಬಲವಾದ ಆಧಾರವಾಯಿತು. ಒಬ್ಬನು ಹೊರಲಾರದ ವೆಚ್ಚವನ್ನು ಹಲವರು ಹೊತ್ತರು, ಫಲವು ಎಲ್ಲರದಾಯಿತು.

ಇಂದು ದೊಡ್ಡ ಕಂಪನಿಗಳಿಗೆ ಸ್ವಂತ ಗಾಳಿಸುರಂಗಗಳುಂಟು. ಆದರೆ ತನ್ನ ತಪ್ಪು ತನಗೆ ಸುಲಭವಾಗಿ ಕಾಣದು. ಸಂಘದ ಸಭೆಗಳಲ್ಲಿ ಎಂಜಿನಿಯರರು ಪ್ರಬಂಧಗಳನ್ನೋದಿ, ಇತರರ ಪ್ರಶ್ನೆಗಳಿಗೆ ಉತ್ತರಿಸಬೇಕಾಗುತ್ತದೆ. ನೆಲದ ಮೇಲೆಯೇ ಬಯಲಾದ ದೋಷವು ಆಕಾಶದಲ್ಲಿ ಪ್ರಾಣವನ್ನು ಬಲಿ ತೆಗೆದುಕೊಳ್ಳದು. ಸದಸ್ಯತ್ವದ ನಿಜವಾದ ಲಾಭವಿದೇ.