ಹೊಳೆಗೊಂದು ಹಾವುಮೀನು ಉಂಟೆ?

ಉದ್ದಕ್ಕೆ, ನುಣುಪಾಗಿ, ಕೈಯಿಂದ ಜಾರುವ ಎರಡು ಮೀನುಗಳನ್ನು ಮೊದಲು ಬೇರೆ ಮಾಡಿಕೊಳ್ಳಬೇಕು. ಒಂದರ ಮೂತಿ ಚೂಪು, ಬೆನ್ನಿನ ಮುಂಭಾಗದಲ್ಲಿ ಬಿಡಿಬಿಡಿ ಮುಳ್ಳುಗಳ ಸಾಲು. ವಿಜ್ಞಾನಿಗಳು ಮಾಸ್ಟಸೆಂಬೆಲಸ್ ಆರ್ಮೇಟಸ್ ಎನ್ನುವ ಈ ಮೀನು ತುಂಗಭದ್ರಾ ಜಲಾಶಯದಲ್ಲೂ ಇದೆ. ಇನ್ನೊಂದರ ಬೆನ್ನಿಗೆ ಮುಳ್ಳಿಲ್ಲ. ಬೆನ್ನಿನ ಈಜುರೆಕ್ಕೆ ಬಾಲವನ್ನು ಬಳಸಿ ಹೊಟ್ಟೆಯ ಕಡೆಗೆ ಒಂದೇ ಪಟ್ಟಿಯಾಗಿ ಬರುತ್ತದೆ. ಹುರುಪೆ ಇದ್ದರೂ ಚರ್ಮದೊಳಗೆ ಹುದುಗಿ ಕೈಗೆ ತಾಗುವುದಿಲ್ಲ. ಮೈಮೇಲೆ ಮಾಸಲು ಮಚ್ಚೆ. ಕೃಷ್ಣಾ ಜಲಾನಯನದ ಮೀನುಪಟ್ಟಿಗಳಲ್ಲಿ ಇದು ಆಂಗ್ವಿಲಾ ಬೆಂಗಾಲೆನ್ಸಿಸ್ ಎಂದು ದಾಖಲಾಗಿದೆ. ನಮ್ಮ ಜನ ಎರಡನ್ನೂ ಹಾವುಮೀನು ಎನ್ನುವುದುಂಟು. ಆದರೆ ಮೊದಲನೆಯದು ಹೊಳೆಯಲ್ಲೇ ಹುಟ್ಟಿ ಹೊಳೆಯಲ್ಲೇ ಸಾಯುತ್ತದೆ. ಎರಡನೆಯದು ಸಮುದ್ರದಲ್ಲಿ ಹುಟ್ಟಿ, ಹೊಳೆಗೆ ಬಂದು ವರ್ಷಗಟ್ಟಲೆ ಬೆಳೆದು, ಮೊಟ್ಟೆಯಿಡಲು ಮತ್ತೆ ಸಮುದ್ರಕ್ಕಿಳಿದು ಅಲ್ಲೇ ಮುಗಿಯುತ್ತದೆ.

ಪಶ್ಚಿಮಘಟ್ಟದ ಗಂಗಾಮೂಲವನ್ನು ನೆನೆಸಿಕೊಳ್ಳಿ. ತುಂಗೆ, ಭದ್ರೆ, ನೇತ್ರಾವತಿ ಮೂರಕ್ಕೂ ಅದೇ ತವರು. ನೇತ್ರಾವತಿ ಮಂಗಳೂರಿನ ಬಳಿ ಅರಬ್ಬಿ ಸಮುದ್ರ ಸೇರುತ್ತದೆ. ತುಂಗಭದ್ರೆಯೋ ಹೊಸಪೇಟೆ, ಹಂಪಿ, ಕಂಪ್ಲಿ ದಾಟಿ, ಕೃಷ್ಣೆಯ ಕೈ ಹಿಡಿದು ಬಂಗಾಳಕೊಲ್ಲಿಗೆ ಹೋಗುತ್ತದೆ. ದೋಣಿಮಲೈ ಆಚೀಚಿನ ಗಣಿಸೀಮೆಯ ನಡುವೆ ಸಂಡೂರು ಕಣಿವೆಯನ್ನು ಸೀಳಿ ಹರಿಯುವ ನಾರಿಹಳ್ಳವೂ ದರೋಜಿ ಕೆರೆಯ ದಾರಿಯಿಂದ ತುಂಗಭದ್ರೆಗೇ ಸಲ್ಲುತ್ತದೆ. ಒಂದು ಹೊಳೆಯ ಬಾಯಿ ಪಡುವಣಕ್ಕೆ, ಇನ್ನೊಂದರದ್ದು ಮೂಡಣಕ್ಕೆ. ಹಾಗಾದರೆ ಈ ಎರಡು ನೀರಿನ ಹಾವುಮೀನುಗಳ ಮೈಕಟ್ಟಿನಲ್ಲಿ ಭೇದ ಇರಬೇಕಲ್ಲವೇ? ಕುರಿಯಲ್ಲಿ ಸೀಮೆಗೊಂದು ತಳಿ ನೋಡಿದ ನಮಗೆ ಹಾಗನ್ನಿಸುವುದು ಸಹಜ.

ಈ ಪ್ರಶ್ನೆಯನ್ನು ಹಟ ಹಿಡಿದು ಕೇಳಿದವನು ಡೆನ್ಮಾರ್ಕಿನ ಯೊಹಾನೆಸ್ ಸ್ಮಿತ್. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿದ್ದವನು. ಬಿಯರ್ ಮಾರಿ ಬಂದ ದುಡ್ಡು ಮೀನಿನ ಎಲುಬು ಎಣಿಸುವುದಕ್ಕೂ ಒದಗಿತು ಎನ್ನಿ. ಅವನು ಹೋಲಿಕೆಗೆ ಕೈಗೆತ್ತಿಕೊಂಡದ್ದು ಜೋರ್ಸಿಸ್ ಎಂಬ, ಮರಿ ಹಾಕುವ, ಊರು ಬಿಟ್ಟು ಹೋಗದ ಕರಾವಳಿ ಮೀನನ್ನು. ಡೆನ್ಮಾರ್ಕಿನ ಕಡಲಕೊಲ್ಲಿಗಳಿಂದ ಸಾವಿರಾರು ಮೀನು ತರಿಸಿ ಬೆನ್ನುಮೂಳೆಯ ಮಣಿಗಳನ್ನು ಎಣಿಸಿದ. ಕೊಲ್ಲಿಯಿಂದ ಕೊಲ್ಲಿಗೆ ಲೆಕ್ಕ ಬದಲಾಯಿತು. ಒಂದೇ ಕೊಲ್ಲಿಯ ಬಾಯಿಯಲ್ಲಿ ಹೆಚ್ಚು, ಒಳಕ್ಕೆ ಹೋದಂತೆ ಕಡಿಮೆ. ಹಾವುಮೀನನ್ನೂ ಹಾಗೆಯೇ ಎಣಿಸಿದ. ಐಸ್‌ಲ್ಯಾಂಡಿನಿಂದ ಮೆಡಿಟರೇನಿಯನ್ ತನಕ ಎಲ್ಲಿಂದ ತಂದು ಎಣಿಸಿದರೂ ಸರಾಸರಿ ಸುಮಾರು 115ರ ಆಸುಪಾಸಿನಲ್ಲೇ ನಿಂತಿತು. ಅಟ್ಲಾಂಟಿಕ್‌ನ ಆಚೆ ದಡದ ಅಮೆರಿಕದ ಹಾವುಮೀನಿಗೆ ಮಾತ್ರ ಸುಮಾರು 107.

ಇಷ್ಟು ದೂರದೂರದ ಹೊಳೆಗಳ ಮೀನುಗಳಿಗೆ ಒಂದೇ ಲೆಕ್ಕ ಬರಬೇಕಾದರೆ ಅವೆಲ್ಲಕ್ಕೂ ತೊಟ್ಟಿಲು ಒಂದೇ ಇರಬೇಕು. ಸ್ಮಿತ್ ಅದನ್ನು ಹುಡುಕಿಯೇ ಹುಡುಕಿದ. 1904ರಲ್ಲಿ ‘ಥಾರ್’ ಹಡಗಿನಲ್ಲಿ ಫೆರೋ ದ್ವೀಪಗಳ ಪಶ್ಚಿಮಕ್ಕೆ ಅವನ ಬಲೆಗೆ ಹಾವುಮೀನಿನ ಒಂದು ಮರಿ ಬಿತ್ತು, ಎಲೆಯಂತೆ ಚಪ್ಪಟೆ, ಗಾಜಿನಷ್ಟು ಪಾರದರ್ಶಕ. ಮುಂದಿನ ಹದಿನೆಂಟು ವರ್ಷ ಇನ್ನೂ ಚಿಕ್ಕ ಮರಿ ಎಲ್ಲಿ, ಅದಕ್ಕೂ ಚಿಕ್ಕದು ಎಲ್ಲಿ ಎಂದು ಹಡಗು ಓಡಿಸುತ್ತ ಅಟ್ಲಾಂಟಿಕ್‌ನ ಸರ್ಗಾಸೊ ಸಮುದ್ರವನ್ನು ಮುಟ್ಟಿದ. ಆ ನೀರಿನಲ್ಲಿ ಹುಟ್ಟಿದ ಮರಿಗಳನ್ನು ಪ್ರವಾಹ ಎಲ್ಲಿಗೆ ಒಯ್ದರೆ ಅದೇ ಅವುಗಳ ಊರು. ತಾಯಿಯ ಹೊಳೆಯ ವಿಳಾಸ ಮರಿಗೆ ಗೊತ್ತಿರುವುದಿಲ್ಲ. ಐಸ್‌ಲ್ಯಾಂಡಿನಲ್ಲಿ ಮಾತ್ರ ಮಣಿಗಳು ಕಡಿಮೆಯಿದ್ದ ಕೆಲವು ಮೀನು ಸಿಗುತ್ತಿದ್ದವು. ಅವು ಯುರೋಪ್–ಅಮೆರಿಕ ಎರಡು ಜಾತಿಗಳು ಬೆರೆತು ಹುಟ್ಟಿದವು ಎಂದು 1990ರಲ್ಲಿ ವಂಶವಾಹಿ ಪರೀಕ್ಷೆ ತೋರಿಸಿತು.

ನಮ್ಮ ಕಡಲಿಗೆ ಈ ಎಣಿಕೆ ಬಂದದ್ದು ‘ಡಾನಾ’ ಹಡಗಿನೊಂದಿಗೆ. 1928ರಿಂದ 1930ರವರೆಗೆ ಭೂಮಿ ಸುತ್ತಿದ ಆ ಯಾನದಲ್ಲಿ ಸುಮಾತ್ರಾದ ಪಶ್ಚಿಮದ ಆಳ ನೀರಿನಲ್ಲಿ ಹಾವುಮೀನಿನ ಮರಿಗಳು ಸಿಕ್ಕವು. 1933ರಲ್ಲಿ ಸ್ಮಿತ್ ತೀರಿಕೊಂಡ. ಜಗತ್ತಿನ ಎಲ್ಲ ಆಂಗ್ವಿಲಾಗಳನ್ನು ಒಂದೆಡೆ ಜೋಡಿಸಿದ್ದು ವಿಲ್ಹೆಲ್ಮ್ ಎಗೆ. ಅವನ ಗ್ರಂಥ ಬಂದದ್ದು 1939ರಲ್ಲಿ. ಮೈ ಮಚ್ಚೆಯದೋ ಒಂದೇ ಬಣ್ಣದ್ದೋ, ಹಲ್ಲಿನ ಪಟ್ಟಿ ಅಗಲವೋ ಕಿರಿದೋ, ಬೆನ್ನಿನ ರೆಕ್ಕೆ ಎಲ್ಲಿಂದ ಶುರುವಾಗುತ್ತದೆ ಎಂದೆಲ್ಲ ಅವನು ಅಳೆದ. ಭಾರತದ ಎರಡು ಹಾವುಮೀನುಗಳು ಅಲ್ಲೇ ಬೇರೆಯಾಗುತ್ತವೆ: ಬೆಂಗಾಲೆನ್ಸಿಸ್‌ಗೆ ಮಚ್ಚೆ, ಉದ್ದ ರೆಕ್ಕೆ, ಬೈಕಲರ್‌ಗೆ ಮಚ್ಚೆಯಿಲ್ಲ, ಬೆನ್ನಿನ ರೆಕ್ಕೆ ಹೆಚ್ಚುಕಡಿಮೆ ಗುದದ್ವಾರದ ನೇರಕ್ಕೆ ಮೊದಲಾಗುತ್ತದೆ. ಇನ್ನು ಬೆಂಗಾಲೆನ್ಸಿಸ್ ಒಂದರಲ್ಲೇ ಎಗೆ ಕಂಡ ಪ್ರಾದೇಶಿಕ ಭೇದ ಬಹಳ ಸಣ್ಣದು. ನಮ್ಮ ಕಡೆಯದಕ್ಕೆ 106ರಿಂದ 112 ಮಣಿ, ಆಫ್ರಿಕದ ಪೂರ್ವ ಕರಾವಳಿಯದಕ್ಕೆ 107ರಿಂದ 115. ಒಂದು ಮೀನನ್ನು ಮುಂದಿಟ್ಟರೆ ಅದು ಯಾವ ದೇಶದ್ದೆಂದು ಹೆಚ್ಚಿನ ಸಲ ಯಾರೂ ಹೇಳಲಾರರು. ರಾಶಿ ರಾಶಿ ಎಣಿಸಿದ ಮೇಲೆ ಸರಾಸರಿ ಮಾತ್ರ ಎರಡು ಮಣಿಯಷ್ಟು ಸರಿಯುತ್ತದೆ. 2004ರಲ್ಲಿ ಜಪಾನಿನ ವಿಜ್ಞಾನಿಗಳು ಎಗೆಯ ಲೆಕ್ಕವನ್ನೆಲ್ಲ ಮತ್ತೆ ಪರಿಶೀಲಿಸಿ, ಮೀನು ಸಿಕ್ಕ ಜಾಗ ತಿಳಿಸದೆ ಮೈ ನೋಡಿಯೇ ಎಷ್ಟೋ ಜಾತಿಗಳನ್ನು ಗುರುತಿಸುವುದು ಸಾಧ್ಯವಿಲ್ಲ ಎಂದು ಬರೆದರು.

ಭಾರತಕ್ಕೂ ಆಫ್ರಿಕಕ್ಕೂ ನಡುವೆ ಇಡೀ ಸಾಗರ ಇದ್ದಾಗಲೇ ವ್ಯತ್ಯಾಸ ಇಷ್ಟು. ಮಂಗಳೂರಿಗೂ ಕಂಪ್ಲಿಗೂ ಎಲುಬಿನಲ್ಲಿ ಭೇದ ಹುಡುಕುವುದು ನನ್ನ ಮಟ್ಟಿಗೆ ವ್ಯರ್ಥ ಕೆಲಸ. ಹುಡುಕುವುದಾದರೆ ಮುಳ್ಳಿನ ಹಾವುಮೀನಿನಲ್ಲಿ ಹುಡುಕಬೇಕು. ಘಟ್ಟದ ಈಚೆಯದು ಆಚೆಯದರ ಜೊತೆ ಕೂಡುವ ದಾರಿಯೇ ಇಲ್ಲ. ಸ್ಮಿತ್‌ನ ಜೋರ್ಸಿಸ್ ಇದ್ದ ಜಾಗದಲ್ಲಿ ನಮಗೆ ಅದಿದೆ.

ಹಾಗಂತ ಹೊಳೆ ಏನೂ ಮಾಡುವುದಿಲ್ಲ ಎಂದಲ್ಲ. ಮಣಿಗಳ ಸಂಖ್ಯೆ ಕಡಲಲ್ಲೇ ನಿಗದಿಯಾಗಿರುತ್ತದೆ, ಮಿಕ್ಕದ್ದು ನೀರಿಗೆ ಬಿಟ್ಟದ್ದು. ಯುರೋಪಿನ ಒಂದೇ ಕೆರೆಯಲ್ಲಿ ಮೆತ್ತನೆಯ ಹುಳ ತಿಂದವುಗಳ ತಲೆ ಕಿರಿದು, ಮೀನು ನುಂಗಿದವುಗಳ ತಲೆ ಅಗಲ. ಗಂಡೋ ಹೆಣ್ಣೋ ಎನ್ನುವುದು ಕೂಡ ಹುಟ್ಟಿನಲ್ಲಿ ತೀರ್ಮಾನವಾಗಿರುವುದಿಲ್ಲ. ಕಿಕ್ಕಿರಿದ ಅಳಿವೆಯಲ್ಲಿ ಉಳಿದವು ಹೆಚ್ಚಾಗಿ ಗಂಡಾಗಿ ಚಿಕ್ಕದಾಗಿಯೇ ನಿಲ್ಲುತ್ತವೆ, ವಿರಳವಾದ ಮೇಲ್ಹೊಳೆಗೆ ಏರಿದವು ಹೆಣ್ಣಾಗಿ ದೊಡ್ಡದಾಗುತ್ತವೆ. ತೋಳುದ್ದದ ಹಾವುಮೀನು ಒಳನಾಡಿನ ಮಡುವಿನಲ್ಲಿ ಸಿಕ್ಕಿದರೆ ಅದು ಹೆಣ್ಣೆಂದು ಊಹಿಸುವುದರಲ್ಲಿ ತಪ್ಪಿಲ್ಲ.

ಆದರೆ ಮೇಲೇರುವ ದಾರಿ ಈಗ ಹೇಗಿದೆ? ಬಂಗಾಳಕೊಲ್ಲಿಯಿಂದ ಹೊರಟ ಬೆರಳುದ್ದದ ಮರಿಗೆ ಮೊದಲು ವಿಜಯವಾಡದ ಪ್ರಕಾಶಂ ಬ್ಯಾರೇಜ್, ಆಮೇಲೆ ಪುಲಿಚಿಂತಲ, ನಾಗಾರ್ಜುನಸಾಗರ, ಶ್ರೀಶೈಲ. ತುಂಗಭದ್ರೆಗೆ ತಿರುಗಿದರೆ ಸುಂಕೇಸುಲ, ರಾಜೋಳಿಬಂಡ. ಕಂಪ್ಲಿ, ಹಂಪಿಯ ಬಳಿಯ ವಿಜಯನಗರ ಕಾಲದ ಕಲ್ಲಿನ ಅಣೆಕಟ್ಟುಗಳು ತಗ್ಗಿನವು. ಅವುಗಳ ಮೇಲಿಂದ ನೀರು ಹರಿಯುತ್ತದೆ, ಒದ್ದೆ ಪಾಚಿಯ ಮೇಲೆ ತೆವಳುವುದು ಹಾವುಮೀನಿನ ಮರಿಗೆ ಹೊಸದೂ ಅಲ್ಲ. 1953ರಲ್ಲಿ ಮುಗಿದ ಹೊಸಪೇಟೆಯ ಅಣೆಕಟ್ಟೆ 49 ಮೀಟರ್ ಎತ್ತರದ ಗೋಡೆ. ಕೆಳಗಿಳಿಯುವ ತಾಯಿಗೂ ಅಷ್ಟೇ ತಡೆಗಳು, ಜೊತೆಗೆ ವಿದ್ಯುತ್ ಉತ್ಪಾದಿಸುವ ಟರ್ಬೈನುಗಳು.

ಹಾಗಾಗಿ ಈಗ ಕೇಳಬೇಕಾದ ಪ್ರಶ್ನೆಗೆ ಬೆನ್ನುಮೂಳೆಯಲ್ಲಿ ಉತ್ತರವಿಲ್ಲ. ಮೀನಿನ ತಲೆಯೊಳಗೆ, ಕಿವಿಯ ಭಾಗದಲ್ಲಿ, ಕಾಳಿನಷ್ಟು ಚಿಕ್ಕ ಸುಣ್ಣದ ಕಲ್ಲಿರುತ್ತದೆ. ವರ್ಷಕ್ಕೊಂದು ಪದರ ಕೂಡುವ ಅದರಲ್ಲಿ ಸ್ಟ್ರಾನ್ಷಿಯಂ ಅಂಶ ಸಮುದ್ರದಲ್ಲಿದ್ದ ಕಾಲಕ್ಕೆ ಹೆಚ್ಚು, ಸಿಹಿನೀರಿನ ಕಾಲಕ್ಕೆ ಕಡಿಮೆ. ಮೀನಿನ ವಯಸ್ಸೆಷ್ಟು, ಅದು ಯಾವ ವಯಸ್ಸಿನಲ್ಲಿ ಹೊಳೆಗೆ ಬಂತು, ಅಂದರೆ ಯಾವ ಅಣೆಕಟ್ಟು ಎದ್ದ ಮೇಲೆ ಬಂತು ಎನ್ನುವ ಲೆಕ್ಕ ಅಲ್ಲಿ ಸಿಗುತ್ತದೆ. ಕಂಪ್ಲಿಯ ಕಡೆ ಹರಿಗೋಲಿನವರ ಗಾಳಕ್ಕೆ ಮಚ್ಚೆಯ ಹಾವುಮೀನು ಬಿದ್ದರೆ ಮೈಯನ್ನು ಸಾರಿಗೆ ಹಾಕಿಕೊಳ್ಳಲಿ, ತಲೆಯನ್ನು ಮಾತ್ರ ಮೀನುಗಾರಿಕೆ ಇಲಾಖೆಯವರು ಕೇಳಿ ತೆಗೆದಿಟ್ಟುಕೊಳ್ಳಲಿ.