‘ನಾವು ನೋಡುವುದು ಪ್ರತಿಭೆ ಮಾತ್ರ’

ಅಧ್ಯಾಪಕರಿಗೆ ಲಿಂಗ ತಾರತಮ್ಯದ ಕುರಿತು ತರಬೇತಿ ಏರ್ಪಡಿಸಿದರೆ ಮೊದಲು ಕೇಳಿಬರುವ ಮಾತು ‘ನಾವು ನೋಡುವುದು ಪ್ರತಿಭೆ ಮಾತ್ರ’ ಎಂಬುದು. ಹಾಗೆನ್ನುವವರು ಸುಳ್ಳಾಡುವುದಿಲ್ಲ. ಪುರಾವೆ, ತರ್ಕಗಳನ್ನೇ ನಂಬಿ ಬದುಕಿದವರಿಗೆ ‘ನಿಮ್ಮ ತೀರ್ಪು ಒಂದು ಕಡೆ ವಾಲಿದೆ’ ಎಂದರೆ ನೋವಾಗುವುದು ಸಹಜ. ಆ ನೋವನ್ನು ಗೌರವಿಸದ ತರಬೇತುದಾರರ ಮಾತು ಅಲ್ಲಿಂದ ಮುಂದೆ ಯಾರ ಕಿವಿಗೂ ಬೀಳುವುದಿಲ್ಲ.

ಇಲ್ಲಿ ನೆರವಿಗೆ ಬರುವುದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಪ್ರಯೋಗ. ಪ್ರಯೋಗಾಲಯದ ವ್ಯವಸ್ಥಾಪಕ ಹುದ್ದೆಯ ಅರ್ಜಿಯೊಂದನ್ನು 127 ವಿಜ್ಞಾನ ಪ್ರಾಧ್ಯಾಪಕರು ಪರಿಶೀಲಿಸಿದರು. ಕೆಲವರ ಕೈಗೆ ಬಂದ ಅರ್ಜಿಯಲ್ಲಿ ಹೆಸರು ಜಾನ್, ಉಳಿದವರದ್ದರಲ್ಲಿ ಜೆನ್ನಿಫರ್. ಅರ್ಹತೆ, ಅನುಭವ ಎಲ್ಲವೂ ಒಂದೇ. ಜಾನ್ ಹೆಚ್ಚು ಸಮರ್ಥನಾಗಿ ಕಂಡ. ಅವನಿಗೆ ಸೂಚಿಸಿದ ಸರಾಸರಿ ಸಂಬಳ ವರ್ಷಕ್ಕೆ 30 ಸಾವಿರ ಡಾಲರಿಗೂ ಮೇಲೆ, ಜೆನ್ನಿಫರ್‌ಗೆ ಸುಮಾರು 26,500. ಮಹಿಳಾ ಪ್ರಾಧ್ಯಾಪಕರೂ ಹೀಗೇ ತೂಗಿದ್ದರು. ಇದನ್ನು ತಿಳಿಸಿದಾಗ ಗಂಡಸರನ್ನು ಕಟಕಟೆಯಲ್ಲಿ ನಿಲ್ಲಿಸಿದ್ದಾರೆಂಬ ಸಿಟ್ಟಿಗೆ ಆಧಾರ ಉಳಿಯುವುದಿಲ್ಲ.

ಮ್ಯಾಡಿಸನ್‌ನ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮಾಲಿ ಕಾರ್ನ್ಸ್ ಮತ್ತು ಸಂಗಡಿಗರು ಹಿಡಿದ ದಾರಿ ನನಗೆ ಹೆಚ್ಚು ಒಪ್ಪಿಗೆ. ಅವರು ಪಕ್ಷಪಾತವನ್ನು ಪಾಪವೆನ್ನಲಿಲ್ಲ. ಉಗುರು ಕಚ್ಚುವಂಥ ಅಭ್ಯಾಸ, ಗಮನವಿಟ್ಟರೆ ಬಿಡಬಹುದು ಎಂದರು. ಎರಡೂವರೆ ಗಂಟೆಯ ಕಾರ್ಯಾಗಾರ. ‘ನಾನು ನಿಷ್ಪಕ್ಷಪಾತಿ’ ಎಂಬ ಅತಿಯಾದ ನಂಬಿಕೆಯೇ ತೀರ್ಪನ್ನು ಕೆಡಿಸಬಲ್ಲದು ಎಂದು ಅಲ್ಲಿ ಕಲಿಸಿದರು. 92 ವಿಭಾಗಗಳನ್ನು ಒಳಗೊಂಡ ಅಧ್ಯಯನದ ಫಲಿತಾಂಶ 2015ರಲ್ಲಿ ಪ್ರಕಟವಾಯಿತು: ವಿಭಾಗದ ಕಾಲುಭಾಗದಷ್ಟಾದರೂ ಮಂದಿ ಹಾಜರಾಗಿದ್ದ ಕಡೆ, ಸಮಾನತೆಗಾಗಿ ತಾವೇ ಹೆಜ್ಜೆಯಿಡುತ್ತಿದ್ದೇವೆ ಎಂದವರು ಹೆಚ್ಚಿದ್ದರು. ಒಬ್ಬಿಬ್ಬರನ್ನು ಕಳಿಸಿ ಹಾಜರಾತಿ ತುಂಬಿಸಿದರೆ ಪ್ರಯೋಜನ ಕಡಿಮೆ.

‘ಇದು ಅಮೆರಿಕದ ಕಥೆ, ನಮ್ಮಲ್ಲಿ ಹಾಗಿಲ್ಲ’ ಎಂಬ ಆಕ್ಷೇಪ ನಮ್ಮ ಕಾಲೇಜುಗಳಲ್ಲಿ ಏಳಬಹುದು. ಆಗ ನಮ್ಮದೇ ಉದಾಹರಣೆ ಕೊಡಬಹುದು: 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದ್ದ ಕಮಲಾ ಸೊಹೋನಿ ಅವರನ್ನು ಹೆಣ್ಣೆಂಬ ಕಾರಣಕ್ಕೆ ನಿರ್ದೇಶಕ ಸಿ.ವಿ. ರಾಮನ್ ಮೊದಲು ನಿರಾಕರಿಸಿದ್ದರು. ಆಕೆ ಪಟ್ಟು ಬಿಡದಿದ್ದಾಗ ಷರತ್ತು ಹಾಕಿ ಸೇರಿಸಿಕೊಂಡರು. ಮುಂದೆ ಕಮಲಾ ಕೇಂಬ್ರಿಜ್‌ನಿಂದ ಡಾಕ್ಟರೇಟ್ ಪಡೆದರು. ‘ಅದು ಹಳೆಯ ಮಾತು’ ಎಂದರೆ ವಾದಕ್ಕಿಳಿಯಬೇಕಿಲ್ಲ. ಕಳೆದ ನೇಮಕಾತಿಯ ಸಂದರ್ಶನದಲ್ಲಿ ‘ಮದುವೆಯಾದರೆ ಊರು ಬಿಡುತ್ತೀರಾ?’ ಎಂದು ಯಾರನ್ನು ಕೇಳಿದಿರಿ, ಯಾರನ್ನು ಕೇಳಲಿಲ್ಲ ಎಂದು ನೆನಪಿಸಿಕೊಳ್ಳಲು ಹೇಳಿದರೆ ಸಾಕು.

ಆದರೆ ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಕೇಳದಂತೆ ತಡೆಯಲೇಬೇಕು. ಸಭೆಯಲ್ಲಿ ಕೂತ ಕಿರಿಯ ಅಧ್ಯಾಪಕಿಯತ್ತ ತಿರುಗಿ, ‘ನೀವೇ ಹೇಳಿ ಮೇಡಂ, ನಿಮಗೆ ಇಲ್ಲಿ ಎಂದಾದರೂ ಅನ್ಯಾಯವಾಗಿದೆಯೇ?’ ಎನ್ನುವುದು. ಆಕೆಯ ಬಡ್ತಿಯ ಕಡತಕ್ಕೆ ಸಹಿ ಹಾಕಬೇಕಾದ ಮುಖ್ಯಸ್ಥರು ಎದುರಿನ ಕುರ್ಚಿಯಲ್ಲೇ ಕೂತಿರುತ್ತಾರೆ. ಆಕೆ ‘ಇಲ್ಲ’ ಎಂದರೆ ಅದನ್ನು ಸಾಕ್ಷ್ಯವೆಂದು ಯಾರೂ ಬರೆದುಕೊಳ್ಳಬಾರದು.